ಗಾಳಿ ಹೋಗಲಿ, ದನಿ ಉಳಿಯಲಿ

ಕೇಳುಗರಿಗೆ ನಮಸ್ಕಾರ.

ಅಂಗೈಯನ್ನು ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿದುಕೊಂಡು ಒಮ್ಮೆ 'ನ' ಅನ್ನಿ. ಆಮೇಲೆ 'ಫ' ಅನ್ನಿ. ಫೋನಿನ ಫ ಬೇಡ, ಫಲ ಅನ್ನುವಾಗಿನ ಅಪ್ಪಟ ಮಹಾಪ್ರಾಣವೇ ಬರಲಿ. 'ನ' ಅಂದಾಗ ಕೈಗೆ ಏನೂ ಗೊತ್ತಾಗಲಿಲ್ಲ. 'ಫ' ಅಂದಾಗ ಉಸಿರು ಬಂದು ಬಡಿಯಿತು, ಅಲ್ಲವೇ? ಪಕ್ಕದಲ್ಲಿ ಕೂತವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಮೈಕಿಗೆ ಮಾತ್ರ ಅದು ಪೆಟ್ಟು. ಬಯಲಿನಲ್ಲಿ ರೆಕಾರ್ಡಿಂಗ್ ಮಾಡುವಾಗ ಗಾಳಿ ಕೊಡುವುದೂ ಇದೇ ಪೆಟ್ಟನ್ನು, ಬಿಡುವಿಲ್ಲದೆ.

ಎಲೆಗಳ ನಡುವೆ ಸುಯ್ಯೆನ್ನುವ ಗಾಳಿ ನಿಜವಾದ ಶಬ್ದ. ಅದು ರೆಕಾರ್ಡ್ ಆದರೆ ಚೆಂದವೇ. ನಮ್ಮನ್ನು ಕಾಡುವ ಆ ಭರಭರ ಗದ್ದಲದ ಹುಟ್ಟು ಬೇರೆ. ಗಾಳಿ ಮೈಕಿನ ಅಂಚಿಗೆ ತಾಗಿ, ಸುಳಿಸುಳಿಯಾಗಿ ಒಡೆದು, ಒಳಗಿನ ತೆಳು ಪೊರೆಯನ್ನು ನೂಕಾಡುತ್ತದೆ. ಲೆಕ್ಕ ಹಾಕಿದರೆ ಅಂತರ ಎಷ್ಟೆಂದು ತಿಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ನಿಂತು ಸಾಧಾರಣವಾಗಿ ಮಾತಾಡಿದರೆ ಆ ದನಿಯ ಒತ್ತಡ ಸುಮಾರು 0.02 ಪಾಸ್ಕಲ್. ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ಎದುರಿನ ವಸ್ತುವನ್ನು ಒತ್ತುವುದು ಸುಮಾರು 15 ಪಾಸ್ಕಲ್‌ನಷ್ಟು. ಅದರಲ್ಲಿ ನೂರನೇ ಒಂದು ಪಾಲು ಏರಿಳಿದರೂ ಸಾಕು, ಮಾತಿಗಿಂತ ಏಳೆಂಟು ಪಟ್ಟಾಯಿತು. ಗಾಳಿಯ ವೇಗ ಎರಡು ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಹಾಗಾಗಿ ಗಾಳಿಯನ್ನು ಪೊರೆಯ ತನಕ ಬರಲು ಬಿಡಬಾರದು. ಮುಕ್ಕಾಲು ಪಾಲು ಕೆಲಸ ಇಲ್ಲೇ ಮುಗಿಯಬೇಕು ಅನ್ನುವವನು ನಾನು. ಮೈಕಿನ ಜೊತೆ ಬರುವ ಕಪ್ಪು ಸ್ಪಂಜಿನ ಟೋಪಿ ಬಾಯಿಯ ಉಸಿರಿಗೆ, ತೆಳುಗಾಳಿಗೆ ಸಾಕು. ಗಾಳಿ ಜೋರಾದರೆ ಉದ್ದ ಕೂದಲಿನ ತುಪ್ಪಳದ ಹೊದಿಕೆಯೇ ಬೇಕು. ಆ ಕೂದಲು ಗಾಳಿಯ ವೇಗವನ್ನು ಸ್ವಲ್ಪಸ್ವಲ್ಪವಾಗಿ ನುಂಗುತ್ತದೆ, ದನಿ ಹಾದುಬರುತ್ತದೆ. ಹೊದಿಕೆಗೂ ಮೈಕಿಗೂ ನಡುವೆ ಅಲುಗದ ಗಾಳಿ ಒಂದಿಷ್ಟು ಇದ್ದರೆ ಇನ್ನೂ ವಾಸಿ. ಸಿನಿಮಾದವರು ಮೈಕನ್ನು ಉದ್ದನೆಯ ಬುಟ್ಟಿಯಂಥದ್ದರೊಳಗೆ ತೂಗಿಬಿಟ್ಟು ಅದರ ಮೇಲೆ ತುಪ್ಪಳ ಹೊದಿಸುವುದು ಇದಕ್ಕೇ. ತುಪ್ಪಳ ಒದ್ದೆಯಾಗಿ ಮೆತ್ತಿಕೊಂಡರೆ ಮಾತ್ರ ಪ್ರಯೋಜನವಿಲ್ಲ. ಒಣಗಿಸಿ, ಬಾಚಿ ಬಿಡಿಸಬೇಕು. ಇನ್ನೊಂದು ಮಾತು. ಒಂದೇ ದಿಕ್ಕಿನ ದನಿ ಹಿಡಿಯುವ ಮೈಕುಗಳಿಗೆ ಗಾಳಿಯ ಕಾಟ ಹೆಚ್ಚು. ಸುತ್ತಲಿನ ಎಲ್ಲ ದನಿಯನ್ನೂ ಹಿಡಿಯುವ ಮೈಕುಗಳು ಅದನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತವೆ. ದುಬಾರಿ ಮೈಕು ತಂದು ಗಾಳಿಗೊಡ್ಡಿ ಪೇಚಾಡುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡುವವರು ಗಾಳಿಗೆ ಬೆನ್ನು ಕೊಟ್ಟು, ಫೋನನ್ನು ಮೈಯ ಮರೆಯಲ್ಲಿ, ಬಾಯಿಗೆ ಹತ್ತಿರ ಹಿಡಿಯಲಿ. ಬಯಲಿನಲ್ಲಿ ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ, ಗಾಳಿ ಇದ್ದಷ್ಟೇ ಇರುತ್ತದೆ.

ರೆಕಾರ್ಡಿಂಗ್ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಸೌಲಭ್ಯವಿದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಗಾಳಿ ಬೀಸಿದಾಗಲೆಲ್ಲ ಯಂತ್ರ ಬೆದರಿ ಮಟ್ಟ ಇಳಿಸುತ್ತದೆ, ಜೊತೆಗೆ ಮಾತೂ ಮುಳುಗುತ್ತದೆ. ಮೈಕಿನ ಮೇಲೆ ಕೆಳಗಿನ ಸ್ವರಗಳನ್ನು ತಗ್ಗಿಸುವ ಲೋ ಕಟ್ ಎಂಬ ಸ್ವಿಚ್ ಇದ್ದರೆ ಹಾಕಿ. ಗಾಳಿಯ ಹೊಡೆತ ಯಂತ್ರದ ಮಿತಿ ಮೀರಿ ದನಿಯ ಅಲೆಯ ತುದಿ ಕತ್ತರಿಸಿಹೋದರೆ ಆ ಪದವನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಮೊದಲಿನಂತೆ ತರಲಾಗದು.

ಇನ್ನು ರೆಕಾರ್ಡ್ ಆದ ಮೇಲಿನ ಚಿಕಿತ್ಸೆ. ಗಾಳಿಯ ಗದ್ದಲದ ಬಲವೆಲ್ಲ ಕೆಳಗಿನ ಸ್ವರಗಳಲ್ಲಿ, ಬಹುಪಾಲು 200–300 ಹರ್ಟ್ಜ್ ಒಳಗೇ ಇರುತ್ತದೆ. ಗಂಡಸರ ದನಿಯ ಮೂಲಸ್ವರ, ಅಂದರೆ ದನಿಯೊಳಗಿನ ಎಲ್ಲಕ್ಕಿಂತ ಕೆಳಗಿನ ಸ್ವರ, ಸುಮಾರು 100 ಹರ್ಟ್ಜ್ ಆಸುಪಾಸು, ಹೆಂಗಸರದು 200ರ ಸುತ್ತಮುತ್ತ. ಹೈ ಪಾಸ್ ಫಿಲ್ಟರನ್ನು 80 ಅಥವಾ 100ಕ್ಕೆ ಇಟ್ಟು ಕೆಳಗಿನದನ್ನೆಲ್ಲ ಕತ್ತರಿಸಿದರೆ ದನಿ ಕೆಡುತ್ತದೆಂದು ಹೆದರುವವರಿದ್ದಾರೆ. ಹೆದರಬೇಕಾಗಿಲ್ಲ. ಹಳೆಯ ದೂರವಾಣಿ 300ರಿಂದ 3400 ಹರ್ಟ್ಜ್ ತನಕದ ಸ್ವರಗಳನ್ನಷ್ಟೇ ಸಾಗಿಸುತ್ತಿತ್ತು. ಅಪ್ಪನ ದನಿಯ ಮೂಲಸ್ವರ ಆ ತಂತಿಯಲ್ಲಿ ಬರುತ್ತಲೇ ಇರಲಿಲ್ಲ, ಆದರೂ 'ಹಲೋ' ಅಂದ ಕೂಡಲೇ ಅಪ್ಪನೆಂದು ತಿಳಿಯುತ್ತಿತ್ತು. ಮೇಲಿನ ಸ್ವರಗಳ ಅಂತರ ಹಿಡಿದು ಮೂಲಸ್ವರವನ್ನು ನಮ್ಮ ಮಿದುಳೇ ಕಟ್ಟಿಕೊಳ್ಳುತ್ತದೆ. ಹಾಗೆಂದು ಇಡೀ ಕಡತವನ್ನು 300ಕ್ಕೆ ಕತ್ತರಿಸಬೇಡಿ, ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ. 80ರಿಂದ ಶುರುಮಾಡಿ, ಕೇಳುತ್ತಾ ಮೇಲೇರಿಸಿ, ದನಿ ತೆಳುವಾಯಿತು ಅನ್ನಿಸಿದಲ್ಲಿಂದ ಸ್ವಲ್ಪ ಹಿಂದೆ ಸರಿಯಿರಿ. ಜೋರು ಬೀಸಿದ ಕಡೆ ಮಾತ್ರ, ಆ ತುಣುಕನ್ನಷ್ಟೇ ಆಯ್ದು ಹೆಚ್ಚು ಕತ್ತರಿಸಿ.

ಗದ್ದಲದ ಮಾದರಿಯನ್ನು ತೋರಿಸಿಕೊಟ್ಟು, ಉಳಿದ ಕಡತದಿಂದ ಅದನ್ನು ಕಳೆಯುವ ವಿಧಾನ ಹಳೆಯದು. ಅದರ ಬಗ್ಗೆ ಸ್ಟೀವನ್ ಬೋಲ್ ಎಂಬ ಸಂಶೋಧಕರ ಹೆಸರಾಂತ ಪ್ರಬಂಧ ಬಂದದ್ದು 1979ರಲ್ಲಿ. ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯ 'ನಾಯ್ಸ್ ರಿಡಕ್ಷನ್'ನಲ್ಲಿಯೂ ಮಾದರಿ ಕೊಟ್ಟೇ ಗದ್ದಲ ತೆಗೆಸಬೇಕು. ಫ್ಯಾನಿನ ಗುಂಯ್ ಸದ್ದಿಗೆ ಅದು ಬಲು ಸೊಗಸು. ಗಾಳಿಗೆ ಸೋಲುತ್ತದೆ, ಏಕೆಂದರೆ ಗಾಳಿ ಈ ಕ್ಷಣ ಇದ್ದಂತೆ ಮರುಕ್ಷಣ ಇರುವುದಿಲ್ಲ. ಹಟ ಹಿಡಿದು ಜೋರಾಗಿ ತೆಗೆಸಿದರೆ ಮಾತು ನೀರಿನಡಿಯಿಂದ ಬಂದಂತಾಗಿ, ಹಿನ್ನೆಲೆಯಲ್ಲಿ ಟಿಣಿಟಿಣಿ ಸ್ವರಗಳು ಹುಟ್ಟಿಕೊಳ್ಳುತ್ತವೆ. ನನ್ನನ್ನು ಕೇಳಿದರೆ, ಚೂರು ಗಾಳಿ ಉಳಿದ ನಿಜವಾದ ದನಿಯೇ ಮೇಲು. ಎರಡು ಮೈಕಿನ ಫೋನುಗಳ ಉಪಾಯ ಇದಕ್ಕಿಂತ ಜಾಣತನದ್ದು: ಮಾತು ಎರಡಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ತಲುಪುತ್ತದೆ, ಗಾಳಿ ಒಂದೊಂದಕ್ಕೆ ಒಂದೊಂದು ಥರ ಬಡಿಯುತ್ತದೆ. ಹೊಂದದೇ ಇರುವುದನ್ನು ಗಾಳಿಯೆಂದು ಗುರುತಿಸಿ ತಗ್ಗಿಸುತ್ತಾರೆ.

ಪದಗಳ ನಡುವಿನ ಬಿಡುವಿನಲ್ಲಿ ಗಾಳಿ ಬೀಸಿದ್ದರೆ ಆ ಜಾಗವನ್ನು ಪೂರ್ತಿ ಖಾಲಿ ಬಿಡಬೇಡಿ, ಕಿವಿಗೆ ಹಳ್ಳ ಬಿದ್ದಂತಾಗುತ್ತದೆ. ಅದೇ ಜಾಗದ ಮಾತಿಲ್ಲದ ಅರ್ಧ ನಿಮಿಷವನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ ಅದನ್ನು ತಂದು ತುಂಬಬಹುದು. ದನಿಯ ಮಟ್ಟ ಸಮ ಮಾಡುವ ಕಂಪ್ರೆಸರನ್ನು ಫಿಲ್ಟರ್ ಆದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಗಾಳಿಯ ಏಟಿಗೆ ಮಾತು ಕುಗ್ಗುತ್ತದೆ. ಇವೆಲ್ಲವನ್ನೂ ಪ್ರತಿಯ ಮೇಲೆ ಮಾಡಿ, ಮೂಲ ಕಡತ ಹಾಗೇ ಇರಲಿ.

ನಮಸ್ಕಾರ.