ಅಂಚೆಯವನ ಹಾಡು, ಅಂಚೆಯಲ್ಲೇ ಬಂತು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಮ್ಯೂಸಿಕ್ ಅಂದರೆ ನಮಗೆ ದೊಡ್ಡ ಹ್ಯಾಟು, ಬೂಟು, ಕುದುರೆ ನೆನಪಾಗುತ್ತವೆ. ಇವತ್ತು ನಾನು ಹೇಳಲಿರುವ ಹಾಡುಗಾರರ ಹೆಗಲಲ್ಲಿ ಇದ್ದದ್ದು ಅಂಚೆ ಚೀಲ. ಹೆಸರು ಜಾನ್ ಪ್ರೈನ್.

ಹುಟ್ಟಿದ್ದು 1946ರಲ್ಲಿ, ಷಿಕಾಗೊ ಪಕ್ಕದ ಮೇವುಡ್‌ನಲ್ಲಿ. ಅಪ್ಪ ಅಮ್ಮ ಕೆಂಟಕಿ ಕಡೆಯವರು. ಊರು ಬಿಟ್ಟು ಬಂದರೂ ಅಲ್ಲಿನ ಹಾಡು ಬಿಟ್ಟಿರಲಿಲ್ಲ. 14ನೇ ವಯಸ್ಸಿಗೆ ಅಣ್ಣ ಡೇವ್ ಗಿಟಾರ್ ಹೇಳಿಕೊಟ್ಟರು. ಆಮೇಲೆ ಅಂಚೆ ಹಂಚುವ ಕೆಲಸ. ಅಷ್ಟರಲ್ಲಿ ಸೈನ್ಯ ಕರೆಯಿತು. ಪಶ್ಚಿಮ ಜರ್ಮನಿಯಲ್ಲಿ ಮೆಕ್ಯಾನಿಕ್ ಕೆಲಸ. ವಾಪಸ್ ಬಂದು ಮತ್ತೆ ಅದೇ ಅಂಚೆ ಚೀಲ.

ಈ ಕೆಲಸದ ಬಗ್ಗೆ ಅವರು ಒಂದು ಮಾತು ಹೇಳುತ್ತಿದ್ದರು. ಅಂಚೆ ಹಂಚುವುದು ಪುಸ್ತಕಗಳಿಲ್ಲದ ಲೈಬ್ರರಿಯಲ್ಲಿ ಓಡಾಡಿದ ಹಾಗೆ ಅಂತ. ಬೀದಿ ಗೊತ್ತು, ಮನೆ ಗೊತ್ತು, ಕಾಲು ತಾನಾಗಿ ನಡೆಯುತ್ತದೆ, ತಲೆ ಖಾಲಿ. ಅಲ್ಲೇ ಹಾಡು ಹುಟ್ಟುತ್ತಿತ್ತು. ಷಿಕಾಗೊ ಚಳಿ ತಡೆಯಲಾಗದ ದಿನ, ದಾರಿಯಲ್ಲಿ ಟಪಾಲು ಚೀಲ ಇಡುವ ದೊಡ್ಡ ಪೆಟ್ಟಿಗೆಯೊಳಗೆ ನುಸುಳಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರಂತೆ. ಮುದುಕರ ಒಂಟಿತನದ ಬಗ್ಗೆ ಅವರು ಬರೆದ ‘ಹಲೋ ಇನ್ ದೇರ್’ 1971ರಲ್ಲಿ ಬಂತು. ಅದನ್ನು ಬರೆದಾಗ ಅವರಿಗೆ 25 ವರ್ಷವೂ ತುಂಬಿರಲಿಲ್ಲ. ಹುಡುಗನಾಗಿದ್ದಾಗ ವೃದ್ಧರ ಮನೆಯೊಂದಕ್ಕೆ ಪೇಪರ್ ಹಾಕುತ್ತಿದ್ದರು. ಪೇಪರ್ ತಂದ ಹುಡುಗನನ್ನೇ ಕೆಲವರು ಮೊಮ್ಮಗ ಬಂದ ಅನ್ನುವ ಹಾಗೆ ಮಾತಾಡಿಸುತ್ತಿದ್ದರಂತೆ. ಹಾಡಿನ ಬೇರು ಅಲ್ಲಿದೆ.

ವೇದಿಕೆ ಹತ್ತಿದ್ದು ಬಾಯಿ ಸುಮ್ನಿರದೆ! ಫಿಫ್ತ್ ಪೆಗ್ ಎಂಬ ಬಾರಿನಲ್ಲಿ ಯಾರು ಬೇಕಾದರೂ ಹಾಡಬಹುದಿತ್ತು. ಹಾಡುವವರು ಸರಿಯಿಲ್ಲ ಅಂತ ಪ್ರೈನ್ ಗೊಣಗಿದಾಗ, ‘ಹಾಗಾದರೆ ನೀನೇ ಹಾಡು’ ಅಂದರು. ಹಾಡಿದರು. 1970ರ ಅಕ್ಟೋಬರ್‌ನಲ್ಲಿ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಅಲ್ಲಿಗೆ ಬಂದರು. ನೋಡುತ್ತಿದ್ದ ಸಿನಿಮಾದ ಪಾಪ್‌ಕಾರ್ನ್‌ನಲ್ಲಿ ಉಪ್ಪು ಜಾಸ್ತಿಯಾಗಿ, ಬಿಯರ್ ಕುಡಿಯೋಣ ಅಂತ ಎದ್ದು ಬಂದಿದ್ದರು. ಆ ವಾರ ಸಿನಿಮಾ ಬಿಟ್ಟು ‘ಹಾಡುವ ಅಂಚೆಯವ’ನ ಬಗ್ಗೆ ಬರೆದರು. ಒಂದು ಹಿಡಿ ಉಪ್ಪಿನ ಋಣ ನೋಡಿ.

ಮರುವರ್ಷ ಪ್ರೈನ್ ಹಾಡುತ್ತಿದ್ದ ಇನ್ನೊಂದು ಜಾಗ, ಅರ್ಲ್ ಆಫ್ ಓಲ್ಡ್ ಟೌನ್‌ಗೆ, ಹಾಡುಗಾರ ಗೆಳೆಯ ಸ್ಟೀವ್ ಗುಡ್‌ಮನ್, ಕಂಟ್ರಿ ಹಾಡುಗಾರರಾಗಿ ಆಗಲೇ ಹೆಸರಾಗಿದ್ದ ಕ್ರಿಸ್ ಕ್ರಿಸ್ಟೋಫರ್‌ಸನ್‌ರನ್ನು ಮಧ್ಯರಾತ್ರಿ ಎಳೆದುಕೊಂಡು ಬಂದರು. ಬಾಗಿಲು ಮುಚ್ಚುವ ಹೊತ್ತು. ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ಇಟ್ಟಾಗಿತ್ತು. ಆ ಖಾಲಿ ಕೋಣೆಯಲ್ಲಿ ಪ್ರೈನ್ ಹಾಡಿದರು. ಕ್ರಿಸ್ಟೋಫರ್‌ಸನ್ ಎಲ್ಲವನ್ನೂ ಇನ್ನೊಮ್ಮೆ ಹಾಡಿಸಿದರು. ಕೆಲವೇ ತಿಂಗಳಲ್ಲಿ ನ್ಯೂಯಾರ್ಕ್‌ನ ಅಟ್ಲಾಂಟಿಕ್ ರೆಕಾರ್ಡ್ ಕಂಪನಿ ಜೊತೆ ಒಪ್ಪಂದವಾಯಿತು. 1971ರಲ್ಲಿ ಮೊದಲ ಆಲ್ಬಮ್.

ಅದರಲ್ಲಿ ‘ಪ್ಯಾರಡೈಸ್’ ಎಂಬ ಹಾಡಿದೆ. ಪ್ಯಾರಡೈಸ್ ಅನ್ನುವುದು ಕೆಂಟಕಿಯಲ್ಲಿ ನಿಜವಾಗಿ ಇದ್ದ ಊರು. ಪ್ರೈನ್ ಮನೆಯವರಿಗೆ ಅದು ಹಿರಿಯರ ಸೀಮೆ. ಕಲ್ಲಿದ್ದಲು ಗಣಿ ನೆಲ ತಿಂದಿತು, ವಿದ್ಯುತ್ ಸ್ಥಾವರ ಬಂತು, 1967ರ ಹೊತ್ತಿಗೆ ಊರೇ ಇಲ್ಲವಾಯಿತು. ಹಾಡನ್ನು ಮಗ ಅಪ್ಪನಿಗಾಗಿ ಬರೆದರು. ರೆಕಾರ್ಡಿಂಗ್ ಮನೆಗೆ ತಂದು ಹಾಕಿದಾಗ, ಅಪ್ಪ ಎದ್ದು ಪಕ್ಕದ ಕೋಣೆಗೆ ಹೋಗಿ ಕತ್ತಲಲ್ಲಿ ಕೂತರು. ಯಾಕಪ್ಪಾ ಅಂದರೆ, ಜೂಕ್‌ಬಾಕ್ಸ್‌ನಲ್ಲಿ ಬರುತ್ತಿದೆ ಅಂದುಕೊಳ್ಳೋಣ ಅಂತ ಅಂದರಂತೆ. ಹೋಟೆಲು, ಬಾರುಗಳಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆ ಅದು. ಆಲ್ಬಮ್ ಅಂಗಡಿಗೆ ಬರುವ ಮೊದಲೇ ಅಪ್ಪ ತೀರಿಕೊಂಡರು.

ಮುಂದಿನ ಹತ್ತು ವರ್ಷ ಬೇಗ ಮುಗಿಸುತ್ತೇನೆ. ಎರಡು ಕಂಪನಿ, ಏಳು ಆಲ್ಬಮ್. ವಿಮರ್ಶಕರು ಮೆಚ್ಚಿದರು, ಮಾರಾಟ ಅಷ್ಟಕ್ಕಷ್ಟೇ. ಇವರ ಹಾಡನ್ನು ಬೇರೆಯವರು ಹಾಡಿ ಹೆಸರಾದರು. ಗುಡ್‌ಮನ್ ಜೊತೆ ಸೇರಿ ಕಂಟ್ರಿ ಹಾಡುಗಳನ್ನೇ ಗೇಲಿ ಮಾಡುವ ಒಂದು ಹಾಡು ಬರೆದರು. ಇದು ಬರೀ ತಮಾಷೆ, ನನ್ನ ಹೆಸರು ಬೇಡ ಅಂದುಬಿಟ್ಟರು. 1975ರಲ್ಲಿ ಡೇವಿಡ್ ಅಲನ್ ಕೋ ಹಾಡಿ ಅದು ಭರ್ಜರಿ ಹಿಟ್ ಆಯಿತು. ಬಂದ ದುಡ್ಡಲ್ಲಿ ಗುಡ್‌ಮನ್ ಗೆಳೆಯನಿಗೆ ಒಂದು ಉಡುಗೊರೆ ಕೊಟ್ಟರು. ಏನು ಗೊತ್ತಾ? ಜೂಕ್‌ಬಾಕ್ಸ್!

1981ರಲ್ಲಿ ಮ್ಯಾನೇಜರ್ ಆಲ್ ಬುನೆಟ್ಟಾ ಮತ್ತು ಗೆಳೆಯ ಡ್ಯಾನ್ ಐನ್‌ಸ್ಟೈನ್ ಜೊತೆ ಸ್ವಂತ ಕಂಪನಿ ತೆರೆದರು. ಹೆಸರು ಓ ಬಾಯ್ ರೆಕಾರ್ಡ್ಸ್. ಇದನ್ನು ಬಂಡಾಯ ಅಂತ ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಚೆಯವ ತನ್ನ ಹಳೆಯ ಬೀದಿಗೆ ವಾಪಸಾದ, ಅಷ್ಟೇ. ಮುಂದಿನ ಆಲ್ಬಮ್ ತಯಾರಾಗುವ ಮೊದಲೇ ಅಭಿಮಾನಿಗಳು ಖರ್ಚಿಗೆ ಆಗುವಷ್ಟು ಹಣ ಕಳಿಸಿಕೊಟ್ಟರು. 1984ರಲ್ಲಿ ಅದು ಹೊರಬಂತು. ಹಾಡು ಟಪಾಲಿನಲ್ಲಿ ಮನೆಮನೆಗೆ ಹೋಯಿತು. ಕ್ರೌಡ್‌ಫಂಡಿಂಗ್ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲದ ಕಾಲ ಅದು. ಅದೇ ವರ್ಷ ಗುಡ್‌ಮನ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 36.

1991ರ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂತು. 1998ರಲ್ಲಿ ಕತ್ತಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಲ್ಲಿ ಕತ್ತಿನ ಒಂದು ಭಾಗವೇ ಹೋಯಿತು. ದನಿ ಇಳಿದು ಗೊಗ್ಗರಾಯಿತು. ನಿಜ ಹೇಳಲಾ, ನನಗೆ ಆ ಗೊಗ್ಗರು ದನಿಯೇ ಹೆಚ್ಚು ಇಷ್ಟ. 25 ತುಂಬದ ಹುಡುಗ ಮುದುಕರ ಬಗ್ಗೆ ಬರೆದಿದ್ದ ಹಾಡಿಗೆ ಸರಿಯಾದ ಗಂಟಲು ಸಿಕ್ಕಿದ್ದು ಆಗಲೇ. 2013ರಲ್ಲಿ ಶ್ವಾಸಕೋಶದ ಕ್ಯಾನ್ಸರ್. ಅದನ್ನೂ ದಾಟಿ ಮತ್ತೆ ವೇದಿಕೆಗೆ ಬಂದರು.

2018ರಲ್ಲಿ, 71ನೇ ವಯಸ್ಸಿನಲ್ಲಿ, ‘ದಿ ಟ್ರೀ ಆಫ್ ಫರ್ಗಿವ್‌ನೆಸ್’ ಬಂತು. ಅಮೆರಿಕದಲ್ಲಿ ಹೆಚ್ಚು ಓಡುವ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನ. ದೊಡ್ಡ ಕಂಪನಿಗಳಿಗೆ ಆಗದೆ ಇದ್ದದ್ದು ಸ್ವಂತ ಅಂಗಡಿಯಿಂದ ಆಯಿತು. ಅದರ ಕೊನೆಯ ಹಾಡಿನಲ್ಲಿ, ಸ್ವರ್ಗಕ್ಕೆ ಹೋದರೆ ಒಂಬತ್ತು ಮೈಲಿ ಉದ್ದದ ಸಿಗರೇಟು ಸೇದುತ್ತೇನೆ ಅನ್ನುತ್ತಾರೆ. ಕ್ಯಾನ್ಸರ್ ಬಂದ ಮೇಲೆ ಬಿಟ್ಟಿದ್ದರಲ್ಲ!

2020ರ ಏಪ್ರಿಲ್ 7ರಂದು ನ್ಯಾಶ್‌ವಿಲ್‌ನಲ್ಲಿ ಕೋವಿಡ್ ಅವರನ್ನು ಕರೆದೊಯ್ದಿತು. ಓ ಬಾಯ್ ಈಗಲೂ ನಡೆಯುತ್ತಿದೆ.

ನಾನು ಜಾಸ್ತಿ ಮಾತಾಡಿದೆ. ಈಗ ‘ಪ್ಯಾರಡೈಸ್’ ಕೇಳೋಣ. ಸ್ಪೀಕರನ್ನು ಪಕ್ಕದ ಕೋಣೆಯಲ್ಲಿ ಇಡಿಸಿದ್ದೇನೆ. ಸ್ವಿಚ್ ಹತ್ತಿರ ಇರುವವರು ಯಾರಾದರೂ ದೀಪ ಆರಿಸುತ್ತೀರಾ?