ತಡವಾಗಿ ಅತ್ತ ಕೂಸು

ಆಕಾಶವಾಣಿ ಮೈಸೂರು ಕೇಂದ್ರದ ಕೇಳುಗರಿಗೆ ನಮಸ್ಕಾರ. ಬಾಣಂತನ ಮಾಡುವ ಅಜ್ಜಿಯರೇ, ಇಂದಿನ ಮಾತು ಮುಖ್ಯವಾಗಿ ನಿಮಗೆ. ಬಾಣಂತಿಯ ಕೋಣೆಯಲ್ಲಿ ನಡೆಯುವುದು ನಿಮ್ಮ ಮಾತೇ ಹೊರತು ವೈದ್ಯರದ್ದಲ್ಲ.

ಹುಟ್ಟುವಾಗ ಉಸಿರುಕಟ್ಟಿ ತಡವಾಗಿ ಅತ್ತ ಮಗುವನ್ನು, ಅತ್ತಿತಲ್ಲ ಎಂದು ಅವಸರದಲ್ಲಿ ಮನೆಗೆ ಒಯ್ಯಬೇಡಿ. ನಾನು ಹೇಳಬಂದಿರುವುದು ಇಷ್ಟೇ.

ಗರ್ಭದಲ್ಲಿ ಮಗುವಿಗೆ ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಶ್ವಾಸಕೋಶದೊಳಗೆ ದ್ರವ ತುಂಬಿರುತ್ತದೆ, ಅಲ್ಲಿಗೆ ರಕ್ತ ಹೋಗುವುದು ಕಡಿಮೆ. ಹುಟ್ಟಿ ಅತ್ತೊಡನೆ ಗಾಳಿ ತುಂಬಿ ಅಲ್ಲಿನ ರಕ್ತನಾಳಗಳು ಸಡಿಲಗೊಳ್ಳಬೇಕು. ಉಸಿರುಕಟ್ಟಿದ ಮಗುವಿನಲ್ಲಿ ಅವು ಬಿಗಿದೇ ಉಳಿಯಬಹುದು. ತೂಬು ತೆರೆಯದ ನಾಲೆಯ ನೀರಿನಂತೆ ರಕ್ತ ಬೇರೆ ದಾರಿ ಹಿಡಿದು, ಆಮ್ಲಜನಕವಿಲ್ಲದೆಯೇ ಮೈಗೆ ಹರಿಯುತ್ತದೆ. ಮೊದಲೇ ಸೊರಗಿದ ಹೃದಯ ಆ ಬಿಗಿಯ ಎದುರು ರಕ್ತ ತಳ್ಳಿ ತಳ್ಳಿ ಸೋಲುತ್ತದೆ.

ಪಾಂಡವಪುರದ ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ಮೊಮ್ಮಗಳು ಹೊಟ್ಟೆಯಲ್ಲೇ ಮಲ ಮಾಡಿಕೊಂಡು, ಉಸಿರಿಲ್ಲದೆ ಹುಟ್ಟಿದ್ದಳು. ಚೀಲ ಒತ್ತಿ ಗಾಳಿ ಕೊಟ್ಟ ಮೇಲೆ ಅತ್ತಳು. ಮರುದಿನ ಅಮಾವಾಸ್ಯೆ, ಇಂದೇ ಹೊರಡೋಣವೆಂದು ಬಂಧುಗಳು ಕಾರು ತರಿಸಿದ್ದರು. ಅಜ್ಜಿ ಮಾತ್ರ ಹೊದಿಕೆ ಬಿಚ್ಚಿ, ಹೊಟ್ಟೆಯನ್ನೇ ದಿಟ್ಟಿಸುತ್ತ ಕುಳಿತರು. "ಈ ಪಕ್ಕೆ ಯಾಕೆ ಹೀಗೆ ಒಳಕ್ಕೆ ಎಳೆಯುತ್ತದೆ? ನಾನು ಹೊರಡುವುದಿಲ್ಲ" ಎಂದರು. ಬಂಧುಗಳು ಗದರಿದರೂ ಅಲುಗಲಿಲ್ಲ. ವೈದ್ಯರಾದ ನಾವು ಆಮ್ಲಜನಕ ಅಳೆಯುವ ಪಟ್ಟಿಯನ್ನು ಬಲಗೈಗೂ ಕಾಲಿಗೂ ಕಟ್ಟಿ ನೋಡಿದೆವು. ಕಾಲಿನಲ್ಲಿ ಅಂಕಿ ಬಹಳ ಕಡಿಮೆಯಿತ್ತು. ಬಲಗೈಗೆ ಹೋಗುವ ರಕ್ತ, ಆಮ್ಲಜನಕವಿಲ್ಲದ ರಕ್ತ ಬಂದು ಸೇರುವ ಆ ಅಡ್ಡದಾರಿಗಿಂತ ಮೊದಲೇ ಕವಲೊಡೆಯುತ್ತದೆ, ಹಾಗಾಗಿ ಈ ವ್ಯತ್ಯಾಸ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಪರೀಕ್ಷೆಯಲ್ಲಿ ಹೃದಯದ ಬಲಭಾಗ ಏದುತ್ತಿತ್ತು. ವೆಂಟಿಲೇಟರ್ ಬೇಕಾಯಿತು, ನಾಳ ಸಡಿಲಿಸುವ ಔಷಧಿ ಬೇಕಾಯಿತು. ಕಾರಿನಲ್ಲಿ ಹೊರಟಿದ್ದರೆ ಊರು ಮುಟ್ಟುತ್ತಿರಲಿಲ್ಲ. ಆ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಗು ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, 60 ದಾಟಬಾರದು. ನರಳುವ ಸದ್ದು, ಹಾಲು ಕುಡಿಯಲಾಗದ ಸುಸ್ತು ಕಂಡರೆ ತಡಮಾಡಬೇಡಿ. ಕೈಕಾಲು ನೀಲಿಯಾದರೆ ಚಳಿಯಿರಬಹುದು, ನಾಲಿಗೆ ನೀಲಿಯಾದರೆ ಅದು ಚಳಿಯಲ್ಲ. ಆಗ ಜಾತಕ, ಅಮಾವಾಸ್ಯೆ ನೋಡದೆ 108ಕ್ಕೆ ಕರೆ ಮಾಡಿ. ಮಿದುಳು ಉಳಿಸಲು ಕೆಲವು ಮಕ್ಕಳ ಮೈಯನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆಯೂ ಇದೆ. ಅದನ್ನು ಹುಟ್ಟಿದ 6 ಗಂಟೆಯೊಳಗೆ, ದೊಡ್ಡ ಆಸ್ಪತ್ರೆಯಲ್ಲೇ ಆರಂಭಿಸಬೇಕು. ಮನೆಯಲ್ಲಿ ಯಾರೂ ಮಗುವಿಗೆ ತಣ್ಣೀರು ಸೋಕಿಸಬೇಡಿ. ನಮಸ್ಕಾರ.