ಹತ್ತಿ ಹೂವಿನ ಹಿಂದಿನ ಕೈ

ಎಲ್ಲಾರಿಗೂ ನಮಸ್ಕಾರ್ರಿ. ಯುನಿವರ್ಸಿಟಿಗಳು ಸುತ್ತಲಿನ ಊರಿನ ದುಡಿಮೆಗೆ ಏನು ಮಾಡಬಹುದು ಅನ್ನೋದರ ಬಗ್ಗೆ ಮಾತಾಡ್ರಿ ಅಂದ್ರು, ನಾ ದೂರದ್ದೇನೂ ಹೇಳಂಗಿಲ್ಲ, ನಮ್ಮ ಧಾರವಾಡದ ಹತ್ತಿ ಮಾತೇ ಹೇಳ್ತೀನಿ.

1972ರಾಗ ಇಲ್ಲಿನ ಸಂಶೋಧನಾ ಕೇಂದ್ರದಿಂದ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ, ಅಂದ್ರ ಎರಡು ತಳಿ ಕೂಡಿಸಿ ಮಾಡಿದ ಹತ್ತಿ ಬಂತು, ಆಮ್ಯಾಲೆ 1981ರಾಗ ಡಿಸಿಎಚ್-32, ಅಂದ್ರ ರೈತರ ಬಾಯಾಗಿನ 'ಜಯಲಕ್ಷ್ಮಿ'. ಹೊರದೇಶದಿಂದ ತರಸ್ತಿದ್ದಂಥ ಉದ್ದೆಳಿ ಹತ್ತಿ ನಮ್ಮ ಹೊಲದಾಗೇ ಬೆಳಿಯೋಹಂಗಾತು, ಇದು ಸಣ್ಣ ಮಾತಲ್ರಿ, ನನಗ ಈಗೂ ಹೆಮ್ಮಿ ಅದ.

ಆದ್ರ ಹೈಬ್ರಿಡ್ ಬೀಜ ವರ್ಷಾ ಹೊಸದಾಗೇ ತಯಾರ್ ಮಾಡಬೇಕು. ಮಧ್ಯಾಹ್ನದ ಮ್ಯಾಲೆ ನಾಳಿ ಅರಳೋ ಮೊಗ್ಗು ಹುಡುಕಿ, ಉಗುರ್ಲೆ ಅದರ ಗಂಡು ಭಾಗ ಬಿಡಿಸಿ, ಗುರುತಿಗೆ ಕೆಂಪು ಕಾಗದ ಹಾಕಿ, ಮರುದಿನ ಮುಂಜಾನಿ ಗಂಡು ತಳಿಯ ಹೂವು ಹರಕೊಂಡು ಬಂದು ಒಂದೊಂದಕ್ಕೂ ಮುಟ್ಟಸ್ಕೋತ ಹೋಗಬೇಕು, ಹಿಂಗ ತಿಂಗಳುಗಟ್ಟಲೆ. ಇದಕ್ಕ ಕ್ರಾಸಿಂಗ್ ಅಂತಾರ. ಹಾವೇರಿ, ರಾಣೆಬೆನ್ನೂರು ಕಡೆ ಬೀಜದ ಧಂದೆ ಬೆಳದದ್ದೇ ಇಂಥ ಕೈಗಳ ಮ್ಯಾಲೆ. ಆ ಕೈ ಯಾರವು? ಬಹಳಷ್ಟು ಹೆಣ್ಮಕ್ಕಳವು, ಅದರಾಗ ಸಾಲಿಗೆ ಹೋಗಬೇಕಾದ ಹುಡುಗ್ಯಾರೂ ಇದ್ರು, ಯಾಕಂದ್ರ ಅವರ ಬೆರಳು ಸಣ್ಣ, ಕೂಲಿನೂ ಸಣ್ಣದು, ಮನಿಯವರು ಮುಂಗಡ ತಗೊಂಡಿದ್ರಂತೂ ಬಿಡೋಹಂಗೇ ಇಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯೊಳಗ ಮಕ್ಕಳಿಗೆ ಹಚ್ಚಬಾರದ ಕೆಲಸಗಳ ಪಟ್ಟಿ ಇತ್ತು, ಅದರಾಗ ಈ ಕೆಲಸದ ಹೆಸರು ಇರಲಿಲ್ಲ. ಅದೇ ವರ್ಷ ಧಾರವಾಡಕ್ಕ ತನ್ನದೇ ಕೃಷಿ ವಿಶ್ವವಿದ್ಯಾಲಯ ಬಂತು.

ನನ್ನ ಸಂಕಟ ಇಲ್ಲೇ ಅದ. ತಳಿ ಬಿಡುಗಡಿ ಮಾಡೋವಾಗ ಇಳುವರಿ ಅಳಿತೀವಿ, ಎಳಿ ಅಳಿತೀವಿ, ಹುಳಾ ಎಷ್ಟು ತಡೀತದ ನೋಡ್ತೀವಿ. ಒಂದು ಕಿಲೋ ಬೀಜಕ್ಕ ಒಬ್ಬಾಕಿ ಎಷ್ಟು ತಾಸು ಬಿಸಲಾಗ ನಿಂತ್ಲು, ಆಕಿಗೆ ಎಷ್ಟು ಸಿಕ್ತು, ಇದನ್ನ ಯಾಕ ಅಳಿಯಂಗಿಲ್ಲ? ಪರಾಗ ಇಲ್ಲದ ಹೆಣ್ಣು ತಳಿ ಬಳಸಿದ್ರ ಮೊಗ್ಗು ಬಿಡಿಸೋ ಕೆಲಸಾನೇ ತಪ್ಪತದ, ವಿಜ್ಞಾನಕ್ಕ ಗೊತ್ತಿದ್ದದ್ದೇ ಇದು. ಆದ್ರ ಅರ್ಧ ಕೆಲಸ ಹೋದ್ರ ಅರ್ಧ ಕೂಲಿನೂ ಹೋಗ್ತದ, ಅದಕ್ಕ ತಳಿ ತಜ್ಞರ ಜೋಡಿ ಅರ್ಥಶಾಸ್ತ್ರದವರೂ ಕೂಡಬೇಕು, ಆ ಹೆಣ್ಮಕ್ಕಳನ್ನೂ ಕೂಡಿಸ್ಕೋಬೇಕು. ಸಂಘ ಕಟ್ಟಿ ತಾವೇ ಬೀಜ ಮಾಡೋಹಂಗ ತರಬೇತಿ ಕೊಟ್ರ ಲಾಭ ಊರಾಗೇ ಉಳಿತದ.

'ಘನತೆಯ ದುಡಿಮೆ' ಅನ್ನೋ ಮಾತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1999ರಾಗ ಮುಂದಿಟ್ಟಿದ್ದು, ಈಗ ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳೊಳಗ 8ನೇದು. ನಮ್ಮ ಮನಿಯೊಳಗೂ ನೋಡ್ಕೋಬೇಕ್ರಿ, ವರ್ಷಾ ಹೊಸ ಆರ್ಡರ್‌ಗೆ ಕಾಯೋ ಅತಿಥಿ ಉಪನ್ಯಾಸಕರು, ಏಜೆನ್ಸಿ ಮ್ಯಾಲೆ ಕಸಾ ಹೊಡಿಯೋ ಅಕ್ಕಂದಿರು, ಇವರೂ ಯುನಿವರ್ಸಿಟಿನೇ.

ಪ್ರಾಜೆಕ್ಟ್ ಮಾಡೋ ಹುಡುಗ್ರಿಗೆ ಒಂದು ಕೇಳ್ಕೋತೀನಿ. ಈ ಸೀಜನ್ನಾಗ ಒಂದು ಬೀಜದ ಪ್ಲಾಟಿಗೆ ಹೋಗ್ರಿ, ಮಾಲಕರ ಕೂಡ ಅಲ್ಲ, ಕ್ರಾಸಿಂಗ್ ಮಾಡೋ ಅಕ್ಕನ ಕೂಡ ಕುಂತು ಕೂಲಿ ಎಷ್ಟು, ತಾಸು ಎಷ್ಟು, ಔಷಧ ಹೊಡದ ಎಷ್ಟು ದಿನಕ್ಕ ಹೊಲದಾಗ ಇಳಸ್ತಾರ ಅಂತ ಕೇಳ್ರಿ, ಬರಕೊಂಡು ಬರ್ರಿ, ಅದನ್ನ ಥೀಸಿಸ್‌ನ ಮೊದಲನೇ ಪುಟದಾಗ ಹಾಕ್ರಿ.